ಬಿಸಿಲಿಗಿಟ್ಟ ಆರು ಲೆನ್ಸುಗಳು

2023ರ ಬೇಸಿಗೆ. ಆಗ ನಾನು ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮುಖ್ಯ ತಂತ್ರಜ್ಞನಾಗಿದ್ದೆ. ಕಾರ್ಖಾನೆಗಳಿಗೆ ಆಪ್ಟಿಕಲ್ ಫೈಬರ್ ಕೇಬಲ್ ಎಳೆದು ಕನೆಕ್ಟರ್ ಕೂಡಿಸಿಕೊಡುವುದು ನಮ್ಮ ಕೆಲಸ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಈ ಕೆಲಸದಲ್ಲಿ ನನಗೆ ಇನ್ಯಾರೂ ಹೇಳಿಕೊಡಬೇಕಾದ್ದಿಲ್ಲ ಎಂಬ ಜಂಬವೂ ಇತ್ತು.

ಫೈಬರ್ ಅಂದರೆ ಕೂದಲೆಳೆಯಂಥ ಗಾಜು. ಅದರೊಳಗೆ ಬೆಳಕು ಸುದ್ದಿ ಹೊತ್ತು ಓಡುತ್ತದೆ. ಎರಡು ಎಳೆಗಳನ್ನು ತುದಿಗೆ ತುದಿ ಕೂಡಿಸಿದರೆ ನಡುವೆ ಒಂದು ಧೂಳಿನ ಕಣ ಕೂತರೂ ತೊಂದರೆ. ನಮ್ಮ ಸೀಮೆಯಲ್ಲಿ ಧೂಳಿಗೇನು ಬರವೇ? ಅದಕ್ಕೇ ನಾವು ಲೆನ್ಸ್ ಕನೆಕ್ಟರ್ ಬಳಸುತ್ತಿದ್ದೆವು. ಸಾಸಿವೆಕಾಳಿಗಿಂತ ತುಸು ದೊಡ್ಡದಾದ ಲೆನ್ಸ್ ಒಂದು ಕಡೆ ಬೆಳಕನ್ನು ಅಗಲ ಮಾಡಿ ಕಳಿಸುತ್ತದೆ, ಎದುರಿನ ಲೆನ್ಸ್ ಅದನ್ನು ಕೂಡಿಸಿ ಎಳೆಯೊಳಗೆ ಇಳಿಸುತ್ತದೆ. ಧೂಳಿದ್ದರೂ ಬೆಳಕು ದಾಟುತ್ತದೆ. ಆದರೆ ಲೆನ್ಸ್ ಕಣ್ಣಿಗೆ ಕಾಣದಷ್ಟು ವಾಲಿದರೂ ಬೆಳಕು ಗುರಿ ತಪ್ಪುತ್ತದೆ. ಲೆನ್ಸನ್ನು ಅಲುಗದಂತೆ ಹಿಡಿಯುವುದು ಎಪಾಕ್ಸಿ ಎಂಬ ಅಂಟು. ನಾವು ಬಳಸುತ್ತಿದ್ದ ಅಂಟನ್ನು ಓವನ್ನಿನಲ್ಲಿ ನೂರು ಡಿಗ್ರಿಯಲ್ಲಿ ಎರಡು ಗಂಟೆ ಬೇಯಿಸಬೇಕಿತ್ತು.

ಮಾರ್ಚಿನಲ್ಲಿ ನಮ್ಮ ಓವನ್ ಕೆಟ್ಟಿತು. ತುರ್ತಾಗಿ ಬೇಕಿದ್ದ ಮೂರು, ಕಪಾಟಿನ ದಾಸ್ತಾನಿಗೆ ಮೂರು, ಒಟ್ಟು ಆರು ಕನೆಕ್ಟರುಗಳನ್ನು ಮುಗಿಸಬೇಕಿತ್ತು. ಇಪ್ಪತ್ತು ವರ್ಷದಿಂದ ಲೆನ್ಸ್ ಕೂರಿಸುತ್ತಿದ್ದ ಶರಣಮ್ಮ, "ಓವನ್ ರಿಪೇರಿ ಆಗೋತನಕ ತಡೀರಿ ಸರ್" ಅಂದಳು.

"ಬಳ್ಳಾರಿ ಬಿಸಿಲು ಇರಬೇಕಾದ್ರ ಓವನ್ ಯಾಕವ್ವಾ?" ಎಂದು ನಕ್ಕು, ಆರನ್ನೂ ತಗಡಿನ ಮೇಲೆ ಜೋಡಿಸಿ ಮಾಳಿಗೆಗೆ ಒಯ್ದೆ. ಮೆಣಸಿನಕಾಯಿ, ಸಂಡಿಗೆ, ಹಪ್ಪಳ ಎಲ್ಲ ಒಣಗುವುದು ಅಲ್ಲೇ ತಾನೆ? ಸಂಜೆಗೆ ಅಂಟು ಕಲ್ಲಾಗಿತ್ತು. ಪರೀಕ್ಷೆಯ ಯಂತ್ರವೂ ಪಾಸು ಮಾಡಿತು. ಒಂದು ವಾರ ನಾನು ಶರಣಮ್ಮನನ್ನು ಕಾಡಿದ್ದೇ ಕಾಡಿದ್ದು.

ಅವುಗಳಲ್ಲಿ ಒಂದನ್ನು ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ನಾನೇ ಕೂರಿಸಿದೆ. ಅಲ್ಲಿ ಹೊಟ್ಟು ಉರಿಸಿ ಭತ್ತಕ್ಕೆ ಆವಿ ಕೊಡುವ ಬಾಯ್ಲರ್ ಇದೆ. ಅದರೊಳಗಿನ ನೀರಿನ ಮಟ್ಟ ಫೈಬರಿನ ಮೂಲಕ ಪರದೆಯ ಮೇಲೆ ಬರುತ್ತದೆ, ನೀರು ಇಳಿದರೆ ಪಂಪು ತಾನೇ ಶುರುವಾಗುತ್ತದೆ. ನಡುವೆ ಸಿಗ್ನಲ್ ತಪ್ಪಿದರೆ ಪರದೆ ಹಿಂದಿನ ಅಂಕಿಯನ್ನೇ ಹಿಡಿದುಕೊಳ್ಳುವಂತೆ ಸೆಟ್ ಮಾಡಿದವನೂ ನಾನೇ. ಸಣ್ಣಪುಟ್ಟದ್ದಕ್ಕೆಲ್ಲ ಮಿಲ್ಲು ನಿಲ್ಲಬಾರದು ಎಂದು ನನ್ನ ಲೆಕ್ಕ.

ಬಾಯ್ಲರ್ ನೋಡಿಕೊಳ್ಳುವ ಹುಸೇನಪ್ಪ ಪ್ರತಿ ಪಾಳಿಗೂ, ಒಳಗಿನ ನೀರು ಹೊರಗೆ ಕಾಣುವಂತೆ ಬಾಯ್ಲರಿಗೆ ಕೂಡಿಸಿದ ಗಾಜಿನ ಕೊಳವೆಯನ್ನು ಒರೆಸಿ ಮಟ್ಟ ನೋಡುತ್ತಿದ್ದ. "ಇನ್ನ ಆ ಗಾಜು ಒರೆಸೋದು ಬಿಡ್ರಿ. ನಮ್ಮ ಲೆನ್ಸು ನೋಡ್ತತಿ" ಎಂದು ಅವನ ಭುಜ ತಟ್ಟಿ ಬಂದಿದ್ದೆ.

ಏಪ್ರಿಲ್‌ನ ಒಂದು ಮಧ್ಯಾಹ್ನ ಕುರುಗೋಡಿನ ಕಲ್ಲು ಕ್ರಷರಿನಿಂದ ಕರೆ ಬಂತು. ಕ್ಯಾಮೆರಾದ ಚಿತ್ರ ನಿಂತಿದೆ ಎಂದರು. ಹೋಗಿ ನೋಡಿದರೆ ಕನೆಕ್ಟರಿನ ಪಕ್ಕದಲ್ಲೇ ಜನರೇಟರಿನ ಹೊಗೆ ಕೊಳವೆ ಕಾದಿತ್ತು. ಬಿಚ್ಚಿ ಅಂಟಿಗೆ ಉಗುರು ಒತ್ತಿದೆ. ಗುರುತು ಮೂಡಿತು. ಲೆನ್ಸ್ ವಾಲಿತ್ತು.

ಬಿಸಿಲಿನ ಶಾಖದಲ್ಲಿ ಗಟ್ಟಿಯಾದ ಅಂಟು ಅದಕ್ಕಿಂತ ಹೆಚ್ಚಿನ ಶಾಖ ತಗುಲಿದರೆ ಮೆತ್ತಗಾಗುತ್ತದೆ. ಓವನ್ನಿಗೆ ನೂರು ಡಿಗ್ರಿ ಹೇಳಿದ್ದೇ ಅದಕ್ಕೆ. ಶರಣಮ್ಮನಿಗೆ ಫೋನ್ ಮಾಡಿ, ಮಾಳಿಗೆಯ ಮೇಲೆ ಇಟ್ಟ ಆರು ಎಲ್ಲೆಲ್ಲಿಗೆ ಹೋಗಿವೆ ಎಂದು ಕೇಳಿದೆ.

"ಮೂರು ಇಲ್ಲೇ ಅದಾವ್ರಿ. ಎರಡು ಕುರುಗೋಡಿಗೆ ಹೋಗ್ಯಾವು. ಇನ್ನೊಂದು..." ಪುಸ್ತಕದ ಹಾಳೆ ಮಗುಚಿದ ಸದ್ದು ಕೇಳಿಸಿತು. "ಸರ್, ಅದು ಸಿರುಗುಪ್ಪದ ಬಾಯ್ಲರಿಗೆ ಹೋಗೇತ್ರಿ."

ಹುಸೇನಪ್ಪನ ಫೋನು ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಮಿಲ್ಲಿನ ಗದ್ದಲದಲ್ಲಿ ಅವನಿಗೆ ಎಲ್ಲಿ ಕೇಳಬೇಕು? ಮಿಲ್ಲಿನ ಮಾಲೀಕರ ಫೋನು ಸ್ವಿಚ್ ಆಫ್. ಜೀಪು ಹತ್ತಿದೆ. ದಾರಿಯುದ್ದಕ್ಕೂ ಆಕಾಶದಲ್ಲಿ ಹೊಗೆ ಕಾಣುತ್ತದೇನೋ ಎಂದು ಸಿರುಗುಪ್ಪದ ದಿಕ್ಕನ್ನೇ ನೋಡುತ್ತಿದ್ದೆ. ಅಷ್ಟು ಭಯ ನನಗೆ ಹಿಂದೆ ಯಾವತ್ತೂ ಆಗಿರಲಿಲ್ಲ.

ಮಿಲ್ಲಿನ ಗೇಟಿನಲ್ಲಿ ಹಚ್ಚೊಳ್ಳಿ ಕಡೆಯ ಭತ್ತದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಜೀಪು ಅಲ್ಲೇ ಬಿಟ್ಟು ಓಡಿದೆ. ಬಾಯ್ಲರಿನ ಗೋಡೆಯಿಂದ ಹತ್ತು ಹೆಜ್ಜೆ ದೂರದ ಕಣದಲ್ಲಿ ಏಳೆಂಟು ಹೆಂಗಸರು ಭತ್ತ ಹರಡುತ್ತಿದ್ದರು. ಹುಸೇನಪ್ಪ ಸ್ಟೂಲಿನ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದ.

"ಬರ್ರಿ ಸರ್, ಊಟ ಮಾಡ್ರಿ."

ಪರದೆಯ ಮೇಲೆ 62 ಎಂದಿತ್ತು. ಕುದಿಯುವ ನೀರಿನ ಮಟ್ಟ ಒಂದೇ ಕಡೆ ನಿಲ್ಲುವುದಿಲ್ಲ, 61, 63 ಎಂದು ಆಡುತ್ತಿರುತ್ತದೆ. ಇದು ಆಡಲಿಲ್ಲ. ನೀರಿನ ಗಾಜಿನ ಮೇಲೆ ಹೊಟ್ಟಿನ ಮಸಿ ಬೆರಳು ದಪ್ಪ ಕೂತಿತ್ತು. ತೋಳಿನಿಂದಲೇ ಒರೆಸಿದೆ. ಒಳಗೆ ನೀರಿನ ಗೆರೆಯೇ ಇರಲಿಲ್ಲ.

ಹುಸೇನಪ್ಪ ಒಂದೇ ನೆಗೆತಕ್ಕೆ ಪಂಪಿನ ಸ್ವಿಚ್ಚಿಗೆ ಕೈ ಹಾಕಿದ.

"ನೀರು ಬಿಡಬ್ಯಾಡ್ರಿ!" ಎಂದು ಕಿರುಚಿ ಅವನ ಕೈ ಹಿಡಿದೆ. ಕೆಂಪಗೆ ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಒಮ್ಮೆಲೇ ಆವಿಯಾಗಿ ಬಾಯ್ಲರ್ ಸಿಡಿಯುತ್ತದೆ. "ಮೊದ್ಲು ಬೆಂಕಿ ನಿಲ್ಲಸ್ರಿ. ಹೆಣ್ಮಕ್ಕಳನ್ನ ಗೇಟಿನ ಹೊರಗ ಕಳಸ್ರಿ!"

ಹೊಟ್ಟು ಹಾಕುವುದನ್ನು ನಿಲ್ಲಿಸಿ, ಫ್ಯಾನು ಆರಿಸಿ, ಎಲ್ಲರೂ ಗೇಟಿನಾಚೆ ನಿಂತೆವು. ಒಳಗಿನಿಂದ ಕಬ್ಬಿಣ ಆಗಾಗ ಟಣ್ ಎನ್ನುತ್ತಿತ್ತು. ಹೆಂಗಸೊಬ್ಬಳು, ಭತ್ತ ತಿರುವದಿದ್ದರೆ ಮುಗ್ಗುತ್ತದೆ ಎಂದು ಗೊಣಗಿದಳು. ಅವಳ ಮುಖ ನೋಡಲಾಗಲಿಲ್ಲ. ಹೊತ್ತು ಮುಳುಗುವ ವೇಳೆಗೆ ಬಾಯ್ಲರ್ ತಣ್ಣಗಾಯಿತು.

ಹುಸೇನಪ್ಪ ಚಹಾ ತಂದುಕೊಟ್ಟ. "ನೀವು ದೇವರು ಬಂದಂಗ ಬಂದ್ರಿ ಸರ್. ಇಲ್ಲಂದ್ರ ನಾವ್ಯಾರೂ ಉಳೀತಿರಲಿಲ್ಲ."

ಚಹಾದ ಲೋಟ ಕೆಳಗಿಟ್ಟೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿರೋಣ ಎಂದೂ ಒಂದು ಗಳಿಗೆ ಅನ್ನಿಸಿತು, ಸುಳ್ಳೇಕೆ ಹೇಳಲಿ? ಆದರೂ ಎಲ್ಲ ಹೇಳಿದೆ. ಮಾಳಿಗೆ, ಬಿಸಿಲು, ಪರದೆ, ಅವನ ಭುಜ ತಟ್ಟಿದ್ದು, ಎಲ್ಲವನ್ನೂ. ಮರುದಿನ ಮಾಲೀಕರಿಗೂ ಹೇಳಿದೆ.

ಹುಸೇನಪ್ಪ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಎದ್ದು ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡ.

"ಹಂಗಾರ ಇನ್ನ ಗಾಜು ನಾನ ಒರೆಸ್ಲೇನ್ರಿ?"

"ಒರೆಸ್ರಿ" ಅಂದೆ. "ನಾನು ಬ್ಯಾಡ ಅಂದ್ರೂ ಒರೆಸ್ರಿ."

ಓವನ್ನಿನಲ್ಲಿ ಬೇಯಿಸಿದ ಹೊಸ ಕನೆಕ್ಟರ್ ಹಾಕಿ, ಸಿಗ್ನಲ್ ತಪ್ಪಿದರೆ ಸೈರನ್ ಕೂಗಿ ಬೆಂಕಿ ನಿಲ್ಲುವಂತೆ ಸೆಟ್ ಮಾಡಿದೆ. ನಿವೃತ್ತಿಯ ದಿನ ಶರಣಮ್ಮ ಬಿಸಿಲಿಗಿಟ್ಟು ಕಪಾಟಿನಲ್ಲಿ ಉಳಿದಿದ್ದ ಮೂರು ಕನೆಕ್ಟರುಗಳಲ್ಲಿ ಒಂದನ್ನು ನನ್ನ ಕೈಗಿಟ್ಟಳು. ಅದೀಗ ನನ್ನ ಮೇಜಿನ ಮೇಲಿದೆ. ನಲವತ್ತು ವರ್ಷದ ಕೆಲಸ ನನಗೆ ಕಲಿಸಿದ ಪಾಠ ಇಷ್ಟೇ: ನಾವು ಮಾಡಿಕೊಟ್ಟ ವಸ್ತುವನ್ನು ನಂಬಿ ಅದರ ಪಕ್ಕದಲ್ಲಿ ಒಬ್ಬರು ಊಟಕ್ಕೆ ಕೂರುತ್ತಾರೆ.