ಹಾಲಿಗೆ ಅಳುತ್ತಿದ್ದ ಕೂಸು

ಶೆಟ್ಟಿಹಳ್ಳಿಯ ಸೊಣ್ಣಮ್ಮನಿಗೆ ಮದುವೆಯಾಗಿ ಬಹಳ ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಸೋಲದೇವನಹಳ್ಳಿಗೆ ಕೊಟ್ಟಿದ್ದ ತಂಗಿ ಕೃಷ್ಣಮ್ಮ ೧೯೫೮ರಲ್ಲಿ ಕ್ಷಯ ಹಿಡಿದು ಆಸ್ಪತ್ರೆ ಸೇರಿದಳು. ಅವಳ ಒಂದೂವರೆ ವರ್ಷದ ಮಗಳು ಜಯಾ ಸೊಣ್ಣಮ್ಮನ ಮಡಿಲಿಗೆ ಬಂದಳು.

ಎದೆಹಾಲು ಒಮ್ಮೆಲೇ ತಪ್ಪಿದ ಕೂಸು. ಮುದ್ದೆ ಕೊಟ್ಟರೆ ಉಗುಳುತ್ತಿತ್ತು, ಸೊಪ್ಪು ಕಂಡರೆ ಮುಖ ತಿರುಗಿಸುತ್ತಿತ್ತು. ತಾಯಿಗಾಗಿ ಅತ್ತಾಗಲೆಲ್ಲ ಸೊಣ್ಣಮ್ಮ ಹಸುವಿನ ಹಾಲು ಕುಡಿಸಿ ಸಮಾಧಾನ ಮಾಡುತ್ತಿದ್ದಳು. ಕೂಸು ಅವಳ ಕೈಯಿಂದ ಬೇಡುತ್ತಿದ್ದದ್ದು ಹಾಲೊಂದೇ. ಕೇಳಿದಷ್ಟೂ ಕೊಟ್ಟಳು.

ಬರಬರುತ್ತಾ ಜಯಾ ಕಕ್ಕಸಿಗೆ ಕೂತರೆ ಕಿರುಚತೊಡಗಿದಳು. ಆಮೇಲೆ ಕೂರುವುದನ್ನೇ ಬಿಟ್ಟು, ಕಾಲು ಬಿಗಿಹಿಡಿದು ಗೋಡೆಗೆ ಆತು ನಿಲ್ಲುತ್ತಿದ್ದಳು. ಒಂದು ಬೆಳಿಗ್ಗೆ ಗಟ್ಟಿ ಮಲದ ಮೇಲೆ ಕೆಂಪು ರಕ್ತದ ಗೆರೆ ಕಂಡು ಸೊಣ್ಣಮ್ಮ ಕೂಸನ್ನೆತ್ತಿಕೊಂಡು ಹೊರಗೆ ಓಡಿದಳು. ಗಂಡ ಲಕ್ಕಣ್ಣ ಗಾಡಿ ಕಟ್ಟಿ ಯಶವಂತಪುರದ ಡಾಕ್ಟರಮ್ಮನ ಬಳಿಗೆ ಕರೆದೊಯ್ದ.

"ಹುಟ್ಟಿದಾಗಿನಿಂದ ಹೀಗೇನಾ?" ಎಂದು ಅವರು ಕೇಳಿದರು.

"ಇಲ್ಲ ಕಣವ್ವ, ನಮ್ಮನೇಗೆ ಬಂದ್ಮೇಲೆ."

ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದರು, ಏನೇನು ತಿನ್ನುತ್ತಾಳೆ ಎಂದು ವಿಚಾರಿಸಿದರು. ಕೂಸನ್ನು ಸೊಣ್ಣಮ್ಮನ ತೊಡೆಯ ಮೇಲೇ ಮಗ್ಗುಲಾಗಿ ಮಲಗಿಸಿ, ಒಳಗೆ ಬೆರಳು ಹಾಕದೆ, ಮಲದ್ವಾರವನ್ನು ಮೆಲ್ಲಗೆ ಬಿಡಿಸಿ ನೋಡಿದರು.

"ಇಲ್ಲಿ ಅಂಚಿನಲ್ಲಿ ಸಣ್ಣ ಸೀಳು ಬಿಟ್ಟಿದೆ. ಬರೀ ಹಾಲಿಗೆ ಮಲ ಕಲ್ಲಾಗಿ, ಬರುವಾಗ ಚರ್ಮ ಸೀಳಿದೆ. ನೋವಿಗೆ ಹೆದರಿ ತಡ್ಕೋತಾಳೆ, ತಡೆದಷ್ಟೂ ಇನ್ನೂ ಗಟ್ಟಿಯಾಗುತ್ತೆ."

"ನಾನ್ ಕೊಟ್ಟ ಆಲಿಂದಾನಾ?" ಸೊಣ್ಣಮ್ಮ ಕೂಸನ್ನು ಎದೆಗೆ ಅವುಚಿಕೊಂಡಳು.

"ಅಳು ನಿಲ್ಲಲಿ ಅಂತ ಕೊಟ್ರಿ. ಇನ್ಮೇಲೆ ಕಮ್ಮಿ ಮಾಡಿ. ನೀರು, ಸೊಪ್ಪು, ಪರಂಗಿ ಹಣ್ಣು ಕೊಡಿ. ಬೆಚ್ಚಗಿನ ನೀರಲ್ಲಿ ಕೂರಿಸಿ." ಮಲ ಸಡಿಲವಾಗಲು ಔಷಧಿಯನ್ನೂ ಕೊಟ್ಟರು.

ಸೊಣ್ಣಮ್ಮ ಪರಂಗಿ ಹಣ್ಣು ಹಿಸುಕಿ, ಹಾಡಿ, ಆಡಿಸಿ ಉಣ್ಣಿಸಿದಳು. ಗಾಯ ಮಾಯಿತು. ಜಯಾ ನಗುತ್ತಾ ಅವಳ ಸೆರಗು ಹಿಡಿದು, "ದೊಡ್ಡವ್ವ, ಬಾರೆ" ಎಂದು ಎಳೆಯತೊಡಗಿದಳು.

ಮರುವರ್ಷ ಕೃಷ್ಣಮ್ಮ ಗುಣವಾಗಿ ಬಂದಳು. ಸೊಣ್ಣಮ್ಮನಿಗೆ ನಿಜವಾಗಿಯೂ ಸಂತೋಷವಾಯಿತು. ಮಗಳನ್ನು ಕಂಕುಳಲ್ಲಿಟ್ಟುಕೊಂಡು ಹೊರಟ ತಂಗಿಗೆ, "ಆಲು ಜಾಸ್ತಿ ಕೊಡ್ಬೇಡ ಕಣೆ" ಎಂದಷ್ಟೇ ಹೇಳಲು ಸಾಧ್ಯವಾಯಿತು.

ಮೂರು ವರ್ಷ ಕಳೆದು ಒಂದು ದಿನ ಸೊಣ್ಣಮ್ಮ ಸೋಲದೇವನಹಳ್ಳಿಗೆ ಹೋದಾಗ, ಜಡೆ ಹಾಕಿದ ಹುಡುಗಿ ಚೊಂಬಿನಲ್ಲಿ ನೀರು ತಂದಿಟ್ಟಳು.

"ಕೂತ್ಕೊಳ್ಳಿ ದೊಡ್ಡವ್ವ. ಯಾವಾಗ ಬಂದ್ರಿ?"

ತಾಯಿ ಜಯಾಗೆ ದೊಡ್ಡವರೊಡನೆ ಮರ್ಯಾದೆಯ ಮಾತು ಕಲಿಸಿದ್ದಳು. ಸೊಣ್ಣಮ್ಮ ನೀರು ಕುಡಿದಳು. ಹಿಂದಿನಂತೆ ಒಂದು ಸಲ "ಬಾರೆ" ಅನ್ನಲಿ ಎಂದು ಸಂಜೆಯವರೆಗೂ ಜಗುಲಿಯ ಮೇಲೆ ಕೂತಿದ್ದಳು.