ಸೋಮವಾರ ದಣಿಯುವ ರೌಟರ್

ಬೈಲಹೊಂಗಲದಲ್ಲಿ ನನ್ನದು ಮೋಟರ್ ರಿಪೇರಿ ಅಂಗಡಿ. ಕಿತ್ತೂರು, ಸವದತ್ತಿ ಕಡೆಯ ಸುಟ್ಟ ಪಂಪ್‌ಸೆಟ್ಟುಗಳೆಲ್ಲ ಟಂಟಂ ಗಾಡಿ ಏರಿ ನನ್ನ ಬಾಗಿಲಿಗೇ ಬರುತ್ತವೆ. ಮೂವರು ಮೆಕ್ಯಾನಿಕರು ಕೈಬಿಟ್ಟ ಮೋಟರನ್ನು ಮತ್ತೆ ತಿರುಗುವಂತೆ ಮಾಡಿ ಕೊಟ್ಟವನು ನಾನು. ಇಂಥವನ ಮನೆಯಲ್ಲಿ ಅಂಗೈಯಗಲದ ಒಂದು ರೌಟರ್ ಆರು ವಾರ ಮರ್ಯಾದೆ ಕಳೆಯಿತು ಎಂದು ಬರೆಯಲು ಈಗಲೂ ಸಿಟ್ಟು ಬರುತ್ತದೆ.

ಇಂಟರ್‌ನೆಟ್ ಹಾಕಿಸಿದ್ದು ಹೆಂಡತಿಗಾಗಿ. ಅವಳು ರಾಮದುರ್ಗದ ಕಡೆ ಸುರೇಬಾನದವಳು. ಕಸೂತಿಯಲ್ಲಿ ಅವಳ ಕೈಗೆ ಎದುರಿಲ್ಲ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮಾಳಿಗೆಯ ಕೋಣೆಯಲ್ಲಿ ಕುಳಿತು, ಮೊಬೈಲಿನಲ್ಲಿ ಎಂಟು ಹೆಣ್ಣುಮಕ್ಕಳಿಗೆ ಕಲಿಸತೊಡಗಿದ್ದಳು. ಕಸೂತಿಯೆಂದರೆ ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕುವ ಕೆಲಸ. ಬಟ್ಟೆಯ ಮೇಲೆ ಗೋಪುರದ ಚಿತ್ತಾರ ಅರ್ಧ ಏರಿರುತ್ತಿತ್ತು, ಪರದೆ ನಿಂತುಬಿಡುತ್ತಿತ್ತು. ಮತ್ತೆ ನೆಟ್ ಬರುವಷ್ಟರಲ್ಲಿ ಎಂಟೂ ಮನೆಗಳಲ್ಲಿ ಎಣಿಕೆ ತಪ್ಪಿರುತ್ತಿತ್ತು. ಒಂದು ತಾಸಿನಲ್ಲಿ ಹೀಗೆ ಎರಡು ಸಲ. ಎಂಟು ಜನ ಐದಾದರು. ಇನ್ನಿಬ್ಬರು ಬಿಟ್ಟರೆ ಕ್ಲಾಸನ್ನೇ ಮುಚ್ಚುವುದಾಗಿ ಒಂದು ದಿನ ರೊಟ್ಟಿ ಬಡಿಯುತ್ತ ಹೇಳಿದಳು. ದನಿ ಏರಿಸಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಅವಳು ತನಗಾಗಿ ಶುರುಮಾಡಿದ್ದ ಒಂದೇ ಕೆಲಸ ಅದು. ನನಗೆ ಸಂಕಟವಾಯಿತು. ಸಂಕಟವಾದಾಗ ಸಿಡುಕುವುದು ನನ್ನ ಹಳೆಯ ಚಾಳಿ. "ನೀ ಅದನ್ನ ಮುಟ್ಟಬ್ಯಾಡ. ನೆಟ್ ಹೋದ್ರ ನನಗ ಫೋನ್ ಮಾಡು" ಎಂದು ಅಪ್ಪಣೆ ಕೊಟ್ಟೆ.

ಅವಳು ಫೋನ್ ಮಾಡುತ್ತಿದ್ದಳು. ನಾನು ಗ್ರೀಸ್ ಕೈಯಲ್ಲೇ ಬೈಕ್ ಏರಿ ಬರುತ್ತಿದ್ದೆ. ಪಡಸಾಲೆಯಲ್ಲಿ ಟಿವಿಯ ಪಕ್ಕ ರೌಟರ್ ಹಸಿರು ದೀಪ ಮಿನುಗಿಸುತ್ತ ಏನೂ ಆಗಿಲ್ಲದಂತೆ ಇರುತ್ತಿತ್ತು. ಅದರ ಮಗ್ಗುಲಲ್ಲಿ ಅವ್ವ ಎಲೆ ಅಡಿಕೆ ಮೆಲ್ಲುತ್ತ ಕುಳಿತಿರುತ್ತಿದ್ದಳು. ನಾನು ಪಿನ್ನು ಚುಚ್ಚಿ ರೀಸೆಟ್ ಮಾಡಿದೆ. ಅಡಾಪ್ಟರ್ ಬದಲಿಸಿದೆ. ಮೀಟರ್ ಹಿಡಿದು ಮನೆಯ ವೈರಿಂಗ್ ಪೂರ್ತಿ ತಪಾಸಣೆ ಮಾಡಿದೆ. ಹಿತ್ತಾಳೆ ಕೊಡಗಳು ಸಿಗ್ನಲ್ ತಡೆಯುತ್ತವೆಂದು ಯಾರೋ ಹೇಳಿದ್ದಕ್ಕೆ ಅವ್ವನ ತವರಿನ ಕೊಡಗಳನ್ನೆಲ್ಲ ಹಿತ್ತಲಿಗೆ ಸಾಗಿಸಿ, ಅವಳಿಂದ ಎರಡು ದಿನ ಬೈಸಿಕೊಂಡೆ.

ಹೆಂಡತಿ ಒಂದು ವಹಿಯಲ್ಲಿ ಎಲ್ಲ ಬರೆದಿಟ್ಟಿದ್ದಳು. ನೆಟ್ ಹೋಗುವುದು ಸೋಮವಾರ ಮಾತ್ರ ಎಂದು ಎರಡನೇ ವಾರವೇ ತೋರಿಸಿದಳು. ತಂತಿಗೇನು ವಾರ ತಿಳಿಯುತ್ತದೆಯೇ ಎಂದು ನಕ್ಕೆ. ಅವಳು ವಹಿ ಮುಚ್ಚಿಟ್ಟು ಮಾಳಿಗೆ ಹತ್ತಿದಳು.

ನೆಟ್ಟಿನ ಕಂಪನಿಯವನು ಚಚಡಿ ಊರಿಂದ ಬರುತ್ತಿದ್ದ ಸಮಾಧಾನದ ಮನುಷ್ಯ. ಸೋಮವಾರ ದೂರು ಕೊಟ್ಟರೆ ಬುಧವಾರವೋ ಗುರುವಾರವೋ ಬರುತ್ತಿದ್ದ. ಆಗ ನೆಟ್ ಓಡುತ್ತಿತ್ತು. "ಛಲೋ ಐತಲ್ರಿ ಸಾವ್ಕಾರ" ಎಂದು ಚಹಾ ಕುಡಿದು ಹೋಗುತ್ತಿದ್ದ. ನಾಲ್ಕನೇ ಸಲ ನಾನು ರೇಗಿದೆ. ಅವನು ಬಡಪಾಯಿ, ಹೊಸ ರೌಟರನ್ನೇ ಹಾಕಿಕೊಟ್ಟ. ಮುಂದಿನ ಸೋಮವಾರ ಅದೂ ಎರಡು ಸಲ ಕಣ್ಣು ಮುಚ್ಚಿತು.

ಏಳನೇ ಸೋಮವಾರ ಅಂಗಡಿಗೆ ಬೀಗ ಹಾಕಿ, ಯಾರಿಗೂ ಹೇಳದೆ ಬಂದು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಮೇಲೆ ಕ್ಲಾಸ್ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅವ್ವ ಮೊಣಕಾಲು ಹಿಡಿದುಕೊಂಡು ಎದ್ದಳು. ಜ್ವರ ನೋಡುವ ಹಾಗೆ ಅಂಗೈಯನ್ನು ರೌಟರ್ ಮೇಲಿಟ್ಟಳು. ಲೊಚಗುಟ್ಟಿದಳು. ಸ್ವಿಚ್ ಆರಿಸಿ ಬಂದು ಕುಳಿತು ಎಲೆಗೆ ಸುಣ್ಣ ಸವರತೊಡಗಿದಳು.

ಮಾಳಿಗೆಯಿಂದ ಹೆಂಡತಿ ಮಾಡಿದ ಫೋನ್ ನನ್ನ ಜೇಬಿನಲ್ಲೇ ರಿಂಗಾಯಿತು. ಹೊರಗೆ ಬಂದು, ಏನು ಮಾಡಿದಿ ಎಂದು ಅವ್ವನನ್ನು ಕೇಳಿದೆ. ದನಿ ಮಾಳಿಗೆಗೂ ಕೇಳಿಸಿರಬೇಕು.

ಅವ್ವ ಅಳುಕಲಿಲ್ಲ. "ಇವತ್ತ ಸೋಮವಾರ, ಬಸವಣ್ಣನ ವಾರ. ಸಂಗೊಳ್ಳಿಯಾಗ ನಿಮ್ಮಪ್ಪ ಸೋಮವಾರ ಎತ್ತಿನ ಹೆಗಲ ಮ್ಯಾಲೆ ಒಂದ್ ದಿನಾನೂ ನೊಗಾ ಇಡಲಿಲ್ಲ. ಇದು ಹಗಲೂ ರಾತ್ರಿ ದುಡಿತೈತಿ, ಮುಟ್ಟಿ ನೋಡು, ಮೈ ಹ್ಯಾಂಗ ಕಾದೈತಿ. ಪೂರಾ ದಿನಾ ಬಿಡಸಿದ್ರ ನಿನ್ನ ಟಿವಿ ನಡಿಯಂಗಿಲ್ಲ. ಅದಕ್ಕ ಟಿವಿ ಬಂದ್ ಇದ್ದಾಗ ಎರಡ ಸಲ ಒಂದೀಟು ಬಿಡಸ್ತೇನಿ."

ಮೈ ಆರಿತೆಂದು ಅನ್ನಿಸಿದ ಮೇಲೆ ಮತ್ತೆ ಹಚ್ಚುವುದೂ ಅವಳೇ. ಸೊಸೆಯ ಕ್ಲಾಸ್ ಇದರಿಂದಲೇ ನಡೆಯುವುದೆಂದು ನಾನು ಹೇಳಿದಾಗ ಅವ್ವನ ಮುಖ ಸಣ್ಣದಾಯಿತು. ಅವಳ ಪಾಲಿಗೆ ಕ್ಲಾಸ್ ಮೊಬೈಲಿನಲ್ಲಿತ್ತು. ಈ ಡಬ್ಬಿ ಟಿವಿಯದು. ಡಬ್ಬಿ ಯಾತಕ್ಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಹೆಂಡತಿ ಮೆಟ್ಟಿಲ ಮೇಲೆ ಬಂದು ನಿಂತಿದ್ದಳು. ನನ್ನ ಕಡೆ ನೋಡಿ, "ಊರ ಮಂದೀನ್ನೆಲ್ಲಾ ಕೇಳಿದ್ರಿ. ಮನಿಯಾಗಿದ್ದ ನಮ್ಮಿಬ್ಬರ ಮಾತ ಕೇಳಲಿಲ್ಲ" ಎಂದಳು. ಹಾಗೆಂದವಳೇ ಮತ್ತೆ ಮಾಳಿಗೆ ಹತ್ತಿದಳು.

ಅಂದೇ ಕ್ಲಾಸನ್ನು ಮಂಗಳವಾರಕ್ಕೆ ಹಾಕಿದಳು. ನಮ್ಮ ಮನೆಯಲ್ಲಿ ಸೋಮವಾರ ರೌಟರ್ ಹೂಡುವುದಿಲ್ಲ ಎಂದು ಕಲಿಯುವವರಿಗೆ ಇದ್ದದ್ದನ್ನು ಇದ್ದಂತೆ ತಿಳಿಸಿದಳಂತೆ. ಐವರೂ ಒಪ್ಪಿದರು. ಬಿಟ್ಟುಹೋಗಿದ್ದವರಲ್ಲಿ ಒಬ್ಬಳು, ಇದೊಂದು ಸಲ ನೋಡಿ ಹೇಳುತ್ತೇನೆ ಎಂದಳು.

ಹಾಗಾಗಿ ಆ ಮಂಗಳವಾರ ಏನೂ ತಪ್ಪಬಾರದಿತ್ತು. ಅವ್ವನ ಮೇಲೆ ನನಗೆ ಪೂರ್ತಿ ಭರವಸೆ ಬಂದಿರಲಿಲ್ಲ. ರೌಟರನ್ನು ಅವಳ ಕೈಗೆ ನಿಲುಕದಂತೆ ಬಾಗಿಲ ಮೇಲಿನ ಗೋಡೆಗೆ ಕೂರಿಸಿಬಿಡೋಣ ಎಂದು ಡ್ರಿಲ್ ಮಷಿನ್ ತಂದೆ. ಮೇಲೆ ಕ್ಲಾಸ್ ಶುರುವಾದ ಹೊತ್ತಿಗೆ ಸ್ಟೂಲ್ ಹತ್ತಿ ತೂತು ಕೊರೆಯತೊಡಗಿದೆ. ಕೆಲಸ ಸೊಗಸಾಗಿ ಸಾಗಿತ್ತು.

ಮಾಳಿಗೆಯಿಂದ ಹೆಂಡತಿಯ ದನಿ ಬಂತು: "ಅತ್ತೀ, ಇವತ್ತ ಮಂಗಳವಾರ ಐತ್ರಿ."

"ನಾ ಅಲ್ಲವಾ" ಎಂದಳು ಅವ್ವ ಕುಳಿತಲ್ಲಿಂದಲೇ. "ನಿನ್ನ ಗಂಡ."

ಕೆಳಗೆ ನೋಡಿದೆ. ಟಿವಿಯದು ಬಿಟ್ಟರೆ ಆ ಗೋಡೆಗಿದ್ದದ್ದು ಒಂದೇ ಪ್ಲಗ್ ಪಾಯಿಂಟು. ಡ್ರಿಲ್ ಚುಚ್ಚುವ ಅವಸರದಲ್ಲಿ ರೌಟರಿನ ಪ್ಲಗ್ಗನ್ನು ಕಿತ್ತಿದ್ದೆ. ಮೂವತ್ತು ವರ್ಷ ಕರೆಂಟಿನಲ್ಲೇ ಕೈಯಾಡಿಸಿದವನು ಸ್ಟೂಲ್ ಮೇಲೆ ಡ್ರಿಲ್ ಹಿಡಿದು ನಿಂತೇ ಇದ್ದೆ. ಅವ್ವ ಎದ್ದು ಬಂದಳು, ನನ್ನ ಪ್ಲಗ್ ಕಿತ್ತಳು, ರೌಟರಿನದನ್ನು ಹಾಕಿದಳು, ಹಸಿರು ದೀಪ ಬರುವ ತನಕ ಕಾದಳು. ಆಮೇಲೆ ಮೇಲೆ ನೋಡಿ, "ಬಂತ ನೋಡವಾ, ಎಣಿಸು" ಎಂದು ಕೂಗಿದಳು. ನನಗೆ ಅಂಗಡಿಗೆ ಹೋಗಲು ಹೇಳಿದಳು.

ಒಂದು ಸಲ ನೋಡಲು ಬಂದವಳು ಉಳಿದಳು. ಈಗ ಅವರು ಆರು ಜನ. ನೆಟ್ ಏನಾದರೂ ತಕರಾರು ಮಾಡಿದರೆ ಹೆಂಡತಿ ನನಗೆ ಫೋನ್ ಮಾಡುವುದಿಲ್ಲ, ಅವ್ವನನ್ನು ಕರೆಯುತ್ತಾಳೆ. ಬಾಗಿಲ ಮೇಲೆ ನಾನು ಅರ್ಧ ಕೊರೆದ ತೂತು ಹಾಗೇ ಇದೆ. ಸಿಮೆಂಟ್ ತುಂಬಿ ಮುಚ್ಚುತ್ತೇನೆಂದರೆ ಅತ್ತೆ ಸೊಸೆ ಇಬ್ಬರೂ ಬೇಡ ಎನ್ನುತ್ತಾರೆ.