ಮುಳ್ಳುಪೊದೆಯ ಬಿಳಿ ಗೆರೆ

ಮತ್ತೋಡಿನ ತವರಿನಿಂದ ಬರುವಾಗ ಕಪ್ಪು ಹಣ್ಣು ಬಿಡುವ ಒಂದು ಮುಳ್ಳುಪೊದೆಯ ಬೇರು ತಂದಿದ್ದೆ. ಐಮಂಗಲದ ಗಂಡನ ಮನೆಯ ಹಿತ್ತಿಲಲ್ಲಿ, ಪಾತ್ರೆ ತೊಳೆದ ನೀರು ಹರಿಯುವ ಕಡೆ ನೆಟ್ಟೆ. ಬದುಕಿದ ಬೇರು, ಹತ್ತಿರದ ಬಾವಿ, ಕೈ ಎತ್ತದ ಗಂಡ: ಶಿವ ಕೊಟ್ಟದ್ದನ್ನು ದಿನಾ ಎಣಿಸಿಕೊಳ್ಳುತ್ತಿದ್ದೆ.

ಎರಡನೆಯ ಮಳೆಗಾಲದಲ್ಲಿ ಅದರ ಎಲೆಗಳ ಮೇಲೆ ಡೊಂಕುಡೊಂಕಾದ ಬಿಳಿ ಗೆರೆಗಳು ಮೂಡಿದವು. ನನ್ನ ಓರಗಿತ್ತಿ ಆಗ ಐದು ತಿಂಗಳ ಬಸುರಿ. ಅತ್ತೆ ಎಲೆ ನೋಡಿದವರೇ ಎದೆ ಹಿಡಿದುಕೊಂಡರು.

"ಹಾವು ಹರಿದ ಗುರುತು ಇದು. ಬಸುರಿ ಇರೋ ಮನ್ಯಾಗೆ ಇರಬಾರ್ದು. ನಿನ್ನ ತವರಿಂದು, ನೀನೇ ಕಿತ್ತಾಕು."

"ಹಾವು ಹರಿದ್ರೆ ಇಂಥ ಎಳೆ ಎಲೆ ಉಳಿತಿತ್ತೇನ್ರಿ ಅತ್ತೆ?"

"ಬಾಯಿ ನೋಡು ಇವಳ್ದು! ಕೀಳೋ ತನಕ ಪೂಜೆ ನೀರು ಮುಟ್ಟಬ್ಯಾಡ."

ಮಡಿಯುಟ್ಟು ಬಾವಿಯಿಂದ ಲಿಂಗಪೂಜೆಗೆ ನೀರು ತರುವುದು ಆ ಮನೆಯಲ್ಲಿ ಹಿರಿಯ ಸೊಸೆಯಾದ ನನ್ನ ಪಾಲು. ಅದು ಹೋದರೆ ನಾನು ಬರೀ ಅಡುಗೆಯ ಆಳು. ಆದರೂ ಕೀಳಲಿಲ್ಲ.

"ಒಂದು ಮುಳ್ಳಿನ ಗಿಡಕ್ಕೆ ಇಷ್ಟ್ಯಾಕೆ?" ಎಂದರು ಗಂಡ.

"ಕಿತ್ರೆ, ದೋಷ ತಂದೋಳು ನಾನೇ ಅಂತ ಒಪ್ಪಿದಂಗೆ ಆಗ್ತೈತೆ," ಎಂದೆ.

ಒಂದು ಎಲೆಯನ್ನು ಬಿಸಿಲಿಗೆ ಹಿಡಿದೆ. ಗೆರೆಯ ದಪ್ಪ ತುದಿಯಲ್ಲಿ, ಎಲೆಯ ಪದರಗಳ ನಡುವೆ, ಹಳದಿ ಹುಳವೊಂದು ಮಿಸುಕುತ್ತಿತ್ತು. ಅದು ಮೇಯುತ್ತಾ ಬಂದ ದಾರಿಯೇ ಆ ಗೆರೆ! ಅಂಥ ನಾಲ್ಕು ಎಲೆಗಳನ್ನು ಲಾಟೀನಿನ ಹಳೆಯ ಗಾಜಿನೊಳಗಿಟ್ಟು, ಎರಡೂ ಬಾಯಿಗೆ ಸೀರೆಯ ಚೂರು ಕಟ್ಟಿದೆ. ಹುಳಗಳು ಹೊರಬಂದು ಬಟ್ಟೆಗೆ ಅಂಟಿ ಗೂಡು ಕಟ್ಟಿಕೊಂಡವು.

ಅಷ್ಟು ದಿನವೂ ಅತ್ತೆಯೇ ಏದುಸಿರು ಬಿಡುತ್ತಾ ಪೂಜೆಯ ನೀರು ಸೇದಿ ತಂದರು. "ನನ್ನ ಮಂಡಿ ಹೋದ್ರೂ ಇವಳ ಹಟ ಹೋಗಲ್ಲ" ಎಂದು ಗೊಣಗುತ್ತಿದ್ದರು. ಸಂಜೆ ಅವರ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದೆ. ಗಿಡಕ್ಕೆ ನೀರೂ ಹಾಕುತ್ತಿದ್ದೆ.

ಒಂದು ಬೆಳಗ್ಗೆ ಗಾಜಿನೊಳಗೆ ಎಳ್ಳಿಗಿಂತ ತುಸು ದೊಡ್ಡ ಪತಂಗ ಕುಳಿತಿತ್ತು. ರೆಕ್ಕೆಯ ಮೇಲೆ ಚಿನ್ನದಂಥ ಪಟ್ಟಿ. ಅತ್ತೆಯ ಮುಂದೆ ಹಿಡಿದೆ.

"ನೋಡ್ರಿ, ಇದೇ ನಿಮ್ಮ ಹಾವು."

ಓರಗಿತ್ತಿ ನಕ್ಕುಬಿಟ್ಟಳು. "ಇದು ಕಚ್ಚಿದ್ರೆ ನಂಗೆ ಗೊತ್ತೂ ಆಗಲ್ಲ ಅತ್ತೆ!"

ಅತ್ತೆ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. "ಹುಳ ಆದ್ರೇನು, ಗಿಡ ಚೆಂದಾಗಿಲ್ಲ."

ಸೋತೆ ಎನ್ನುವ ಹೆಂಗಸಲ್ಲ ಅವರು. ನಾನೂ ಅಪ್ಪಣೆ ಕೇಳಲಿಲ್ಲ. ಸ್ನಾನ ಮಾಡಿ ಮಡಿಯುಟ್ಟು, ಅವರ ಪಕ್ಕದಲ್ಲಿದ್ದ ತಂಬಿಗೆ ಎತ್ತಿಕೊಂಡು ಬಾವಿಗೆ ನಡೆದೆ. ತಂದ ನೀರನ್ನು ಪೂಜೆಯ ಮಣೆಯ ಬಳಿ ಇಟ್ಟೆ. ಅತ್ತೆ ನನ್ನ ಮುಖ ನೋಡದೆ, ಅದನ್ನೇ ಲಿಂಗಕ್ಕೆ ಎರೆದರು.